ಒಂದು ಹನಿಯ ಲೆಕ್ಕ: ಗುಹೆ ನೋಡಲು ಹೋಗುವ ಮುನ್ನ

ಸಂರಕ್ಷಿತ ಗುಹೆಯೊಂದರ ಬಾಗಿಲಿಗೆ ಹೋಗಿ ನಿಂತರೆ ಮೊದಲು ಕಣ್ಣಿಗೆ ಬೀಳುವುದು ಗುಹೆಯಲ್ಲ, ನಿಯಮಗಳ ಫಲಕ. ಬ್ಯಾಗು ಹೊರಗಿಡಿ. ತಿಂಡಿ ತರಬೇಡಿ. ಬಾಯಲ್ಲಿರುವ ಚ್ಯೂಯಿಂಗ್ ಗಮ್ ತೆಗೆದು ಬನ್ನಿ. ಬೇರೆ ಗುಹೆಗೆ ಹಾಕಿಕೊಂಡು ಹೋಗಿದ್ದ ಶೂ ಆಗಿದ್ದರೆ ಬದಲಿಸಿ. ಕಂಬಿ ದಾಟಬೇಡಿ, ಗೋಡೆ ಮುಟ್ಟಬೇಡಿ. ದುಡ್ಡು ಕೊಟ್ಟು ಬೈಸಿಕೊಳ್ಳಲು ಬಂದಂತಾಯಿತಲ್ಲ ಎಂದು ಗೊಣಗುವವರು ಪ್ರತಿ ಗುಂಪಿನಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರನ್ನು ತೀರಾ ದೂರುವಂತಿಲ್ಲ. ಹೆಚ್ಚಿನ ಕಡೆ ನಿಯಮ ಹೇಳುತ್ತಾರೆ, ಕಾರಣ ಹೇಳುವುದಿಲ್ಲ.

ಕಾರಣ ತಿಳಿಯಬೇಕಾದರೆ ಚಾವಣಿಯಿಂದ ತೂಗುತ್ತಿರುವ ಒಂದೇ ಒಂದು ನೀರಿನ ಹನಿಯನ್ನು ಅರ್ಥ ಮಾಡಿಕೊಂಡರೆ ಸಾಕು. ಮುಕ್ಕಾಲು ಪಾಲು ನಿಯಮಗಳು ಹುಟ್ಟಿದ್ದು ಆ ಹನಿಯಿಂದ. ಉಳಿದ ಕಾಲು ಪಾಲು ಬಾವಲಿಗಳಿಂದ ಮತ್ತು ಮೂಳೆಗಳಿಂದ.

ಹನಿ ಹೊತ್ತು ತರುವ ಕಲ್ಲು

ಹನಿಯ ಪ್ರಯಾಣ ಶುರುವಾಗುವುದು ಮೇಲೆ, ಮಳೆಯಾಗಿ. ಮಳೆನೀರು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಒಂದಿಷ್ಟು ಕರಗಿಸಿಕೊಂಡೇ ನೆಲಕ್ಕೆ ಬೀಳುತ್ತದೆ. ಆದರೆ ಅಸಲಿ ಸರಕು ಸಿಗುವುದು ಮಣ್ಣಿನಲ್ಲಿ. ಅಲ್ಲಿ ಬೇರುಗಳು ಉಸಿರಾಡುತ್ತವೆ, ಸೂಕ್ಷ್ಮಜೀವಿಗಳು ಕೊಳೆತ ಎಲೆ ತಿಂದು ಉಸಿರುಬಿಡುತ್ತವೆ. ಹಾಗಾಗಿ ಮಣ್ಣಿನ ಸಂದಿಗಳ ಗಾಳಿಯಲ್ಲಿ ಈ ಅನಿಲ ಹೊರಗಿನ ಗಾಳಿಗಿಂತ ಹತ್ತಾರು ಪಟ್ಟು ಹೆಚ್ಚಿರುತ್ತದೆ. ಅದನ್ನು ಹೀರಿಕೊಂಡ ನೀರು ತೀರಾ ತೆಳುವಾದ ಸೋಡಾದಂತಾಗುತ್ತದೆ; ಅಂದರೆ ಕಾರ್ಬಾನಿಕ್ ಆಮ್ಲ. ನಾಲಿಗೆಗೆ ಗೊತ್ತೂ ಆಗದಷ್ಟು ಮೆದು. ಆದರೂ ಸುಣ್ಣಕಲ್ಲನ್ನು ಕರಗಿಸಲು ಅಷ್ಟು ಸಾಕು, ಯಾಕೆಂದರೆ ಅದಕ್ಕೆ ಅವಸರವೇನಿಲ್ಲ.

ಬಿರುಕುಗಳಲ್ಲಿ ಇಳಿಯುತ್ತ ಇಳಿಯುತ್ತ ನೀರು ಕಲ್ಲನ್ನು ಕರಗಿಸಿಕೊಂಡು ಹೊತ್ತು ತರುತ್ತದೆ. ಕೊನೆಗೆ ಗುಹೆಯ ಚಾವಣಿಯಲ್ಲಿ ಹನಿಯಾಗಿ ತೂಗಿದಾಗ ಅದಕ್ಕೆ ಸಿಗುವುದು ಬೇರೆಯದೇ ಗಾಳಿ. ಮಣ್ಣಿನೊಳಗಿದ್ದಷ್ಟು ಇಂಗಾಲದ ಡೈಆಕ್ಸೈಡ್ ಇಲ್ಲಿಲ್ಲ. ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಆಗುವುದೇ ಇಲ್ಲಿ ಸದ್ದಿಲ್ಲದೆ ಆಗುತ್ತದೆ. ಅನಿಲ ಹಾರಿಹೋಗುತ್ತದೆ, ಆಮ್ಲದ ಕಸುವು ಇಳಿಯುತ್ತದೆ, ಹೊತ್ತ ಕಲ್ಲನ್ನು ಇನ್ನು ಹಿಡಿದಿಟ್ಟುಕೊಳ್ಳಲಾಗದೆ ಹನಿ ಅದರಲ್ಲಿ ಧೂಳಿನಷ್ಟನ್ನು ಅಲ್ಲೇ ಇಳಿಸುತ್ತದೆ. ಇಳಿಸಿದ್ದು ಕ್ಯಾಲ್ಸೈಟ್ ಎಂಬ ಖನಿಜ.

ನೀರು ಆವಿಯಾಗಿ ಸುಣ್ಣ ಉಳಿಯುತ್ತದೆ ಎಂದು ಎಷ್ಟೋ ಜನ ತಿಳಿದಿರುತ್ತಾರೆ. ಗುಹೆಯ ಆಳದಲ್ಲಿ ಗಾಳಿ ಹೆಚ್ಚುಕಡಿಮೆ ಪೂರ್ತಿ ತೇವದಿಂದ ತುಂಬಿರುತ್ತದೆ. ಅಲ್ಲಿ ಒದ್ದೆ ಬಟ್ಟೆ ಹರವಿದರೂ ಒಣಗದು, ಇನ್ನು ಹನಿ ಎಲ್ಲಿ ಆವಿಯಾಗಬೇಕು? ಕೆಲಸ ನಡೆಯುವುದು ಅನಿಲ ಬಿಟ್ಟುಹೋಗುವುದರಿಂದ. ಗಡಸು ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಹೊರೆಯೂ ಬಹುಮಟ್ಟಿಗೆ ಇದೇ ರಸಾಯನದ ಕೂಸು. ಈ ಒಂದು ಮಾತು ನೆನಪಿನಲ್ಲಿರಲಿ, ನಿಮ್ಮ ಉಸಿರಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಈಗ ಹನಿಯನ್ನು ಹತ್ತಿರದಿಂದ ನೋಡೋಣ. ಗೈಡ್ ಟಾರ್ಚನ್ನು ಓರೆಯಾಗಿ ಹಿಡಿದಾಗ ಕಾಣುವಂತೆ, ಹನಿ ಚಾವಣಿಗೆ ಅಂಟಿದ ಜಾಗದಲ್ಲಿ, ಅದರ ಅಂಚಿನ ಸುತ್ತ, ಕೂದಲಿಗಿಂತ ತೆಳುವಾದ ಒಂದು ಕ್ಯಾಲ್ಸೈಟ್ ಬಳೆ ಕೂರುತ್ತದೆ. ಹನಿ ಬೀಳುತ್ತದೆ. ಮುಂದಿನ ಹನಿ ಅದೇ ಬಳೆಯ ನಡುವಿನಿಂದ ಬಂದು ಬಳೆಯ ಕೆಳಗೆ ಇನ್ನೊಂದು ಬಳೆ ಇಡುತ್ತದೆ. ಹೀಗೆ ಬಳೆಯ ಮೇಲೆ ಬಳೆ ಕೂಡಿ ಒಂದು ಟೊಳ್ಳು ಕೊಳವೆ ಇಳಿಯತೊಡಗುತ್ತದೆ. ಅದರ ಅಗಲ ಸುಮಾರು 5 ಮಿಲಿಮೀಟರ್, ಅಂದರೆ ಒಂದು ಹನಿಯ ಅಗಲ. ತಂಪುಪಾನೀಯ ಹೀರುವ ಸ್ಟ್ರಾದಂತೆಯೇ ಕಾಣುವುದರಿಂದ ಇದರ ಹೆಸರೂ ಸೋಡಾ ಸ್ಟ್ರಾ. ಚಾವಣಿಯಿಂದ ಇಳಿಬಿಟ್ಟ ದಪ್ಪ ಸ್ಟ್ಯಾಲಕ್ಟೈಟ್‌ಗಳು ಸಾಮಾನ್ಯವಾಗಿ ಹೀಗೇ ಶುರುವಾದವು. ಎಂದೋ ಕೊಳವೆ ಕಟ್ಟಿಕೊಂಡು, ನೀರು ಹೊರಮೈಯಲ್ಲಿ ಜಾರತೊಡಗಿ, ಕ್ಯಾರೆಟ್ಟಿನಂತೆ ಬುಡ ದಪ್ಪ ತುದಿ ಚೂಪಾಯಿತು. ಕೆಳಗೆ ಬಿದ್ದ ಹನಿಯಲ್ಲಿ ಇನ್ನೂ ಉಳಿದಿದ್ದ ಸುಣ್ಣ ನೆಲದಲ್ಲಿ ಸ್ಟ್ಯಾಲಗ್ಮೈಟ್ ಆಗಿ ಏಳುತ್ತದೆ. ಹನಿ ಬಿದ್ದು ಚದುರುವುದರಿಂದ ಅದರ ತಲೆ ಮೊಂಡು, ಟೊಳ್ಳೂ ಇರುವುದಿಲ್ಲ.

ಉಳಿದ ಆಕಾರಗಳೆಲ್ಲ ನೀರು ಹೇಗೆ ಚಲಿಸಿತು ಎಂಬುದರ ಲೆಕ್ಕ. ಓರೆ ಚಾವಣಿಯ ಮೇಲೆ ಒಂದೇ ದಾರಿಯಲ್ಲಿ ಹರಿದರೆ ತೆಳುವಾದ ಪರದೆ. ಅದರಲ್ಲಿ ಕಂದು ಪಟ್ಟಿಗಳಿದ್ದರೆ ನೀರು ಕಬ್ಬಿಣದ ಅಂಶವನ್ನೋ ಮಣ್ಣಿನ ಬಣ್ಣವನ್ನೋ ತಂದಿದೆ ಎಂದರ್ಥ. ಗೋಡೆಯ ಮೇಲೆ ಹರಡಿ ಹರಿದರೆ ಹೆಪ್ಪುಗಟ್ಟಿದ ಜಲಪಾತದಂಥ ಹಾಸು. ಹನಿ ತೊಟ್ಟಿಕ್ಕುವ ಸಣ್ಣ ಗುಂಡಿಯಲ್ಲಿ ಮರಳಿನ ಕಣವೊಂದು ಹೊರಳುತ್ತ ಪದರ ಪದರವಾಗಿ ಸುಣ್ಣ ಸುತ್ತಿಕೊಂಡರೆ ಗುಹಾಮುತ್ತು. ಭೂಮಿಯ ಸೆಳೆತವನ್ನೇ ಲೆಕ್ಕಿಸದೆ ಪಕ್ಕಕ್ಕೂ ಮೇಲಕ್ಕೂ ತಿರುಚಿಕೊಂಡು ಬೆಳೆಯುವ ಹೆಲಿಕ್ಟೈಟ್‌ಗಳಲ್ಲಿ ನೀರು ಹನಿಯಾಗಿ ತೂಗುವುದೇ ಇಲ್ಲ, ಕೂದಲೆಳೆಯಂಥ ರಂಧ್ರದಲ್ಲಿ ಜಿನುಗಿ ಬರುತ್ತದೆ. ಗೈಡ್‌ಗಳು ಇವನ್ನೆಲ್ಲ ಆನೆ, ಸಿಂಹಾಸನ, ಕೇಕು ಎಂದು ತೋರಿಸುತ್ತ ಹೋಗುತ್ತಾರೆ. ಮಕ್ಕಳಿಗೆ ಅದು ಸರಿ. ಆದರೆ ಅರ್ಧ ಸಮಯ ಅದರಲ್ಲೇ ಕಳೆದುಹೋಗುವುದು ನನಗಂತೂ ಬೇಸರದ ವಿಷಯ. ಆನೆಯನ್ನು ಹೊರಗೂ ನೋಡಬಹುದು.

ಬೆಳವಣಿಗೆಯ ವೇಗದ ಬಗ್ಗೆಯೂ ಒಂದು ಎಚ್ಚರಿಕೆ. ವರ್ಷಕ್ಕೆ ಮಿಲಿಮೀಟರಿನ ಹತ್ತರಲ್ಲೊಂದು ಭಾಗ ಎಂಬುದು ಸಾಮಾನ್ಯವಾಗಿ ಕೇಳಿಬರುವ ಅಂಕಿ. ಆದರೆ ಮಳೆ, ಮಣ್ಣು, ಚಾವಣಿಯ ದಪ್ಪ ಎಲ್ಲವೂ ಸೇರಿ ಇದನ್ನು ಹಲವು ಪಟ್ಟು ಹೆಚ್ಚುಕಡಿಮೆ ಮಾಡುತ್ತವೆ. ಬರಗಾಲ ಬಂದರೆ ಸಾವಿರಾರು ವರ್ಷ ಬೆಳವಣಿಗೆ ನಿಂತೇ ಹೋಗಬಹುದು. ಆದ್ದರಿಂದ ಅಳತೆಪಟ್ಟಿ ಹಿಡಿದು ಉದ್ದದಿಂದ ವಯಸ್ಸು ಲೆಕ್ಕ ಹಾಕುವುದು ವ್ಯರ್ಥ. ವಿಜ್ಞಾನಿಗಳು ಹಿಡಿದ ದಾರಿ ಬೇರೆ. ಯುರೇನಿಯಂ ನೀರಿನಲ್ಲಿ ಕರಗುತ್ತದೆ, ಥೋರಿಯಂ ಬಹುಮಟ್ಟಿಗೆ ಕರಗುವುದಿಲ್ಲ. ಹೀಗಾಗಿ ಹೊಸದಾಗಿ ಕೂತ ಪದರದಲ್ಲಿ ಯುರೇನಿಯಂ ಮಾತ್ರ ಇರುತ್ತದೆ. ಅದು ಕ್ಷಯಿಸುತ್ತ ಹೋದಂತೆ ಥೋರಿಯಂ ಸೇರುತ್ತ ಹೋಗುತ್ತದೆ. ಎರಡರ ಪ್ರಮಾಣ ಅಳೆದರೆ ಸುಮಾರು 5 ಲಕ್ಷ ವರ್ಷಗಳ ಹಿಂದಿನವರೆಗೆ ವಯಸ್ಸು ಹೇಳಬಹುದು. ಅದೇ ಪದರಗಳಲ್ಲಿರುವ ಆಮ್ಲಜನಕದ ಐಸೊಟೋಪುಗಳು, ಅಂದರೆ ತೂಕದಲ್ಲಿ ತುಸು ಬೇರೆಯಾದ ಪರಮಾಣುಗಳು, ಅಂದಿನ ಮಳೆಯ ಸುಳಿವು ಕೊಡುತ್ತವೆ. ಮೇಘಾಲಯದ ಮಾವ್ಮ್ಲುಹ್ ಗುಹೆಯ ಒಂದು ಸ್ಟ್ಯಾಲಗ್ಮೈಟ್ 4,200 ವರ್ಷಗಳ ಹಿಂದೆ ಮುಂಗಾರು ಕುಸಿದದ್ದನ್ನು ಹೀಗೆ ಬರೆದಿಟ್ಟುಕೊಂಡಿತ್ತು. ಅಲ್ಲಿಂದ ಇಂದಿನವರೆಗಿನ ಅವಧಿಗೆ 2018ರಲ್ಲಿ ಭೂವಿಜ್ಞಾನಿಗಳು ಅಧಿಕೃತವಾಗಿ 'ಮೇಘಾಲಯನ್' ಎಂದೇ ಹೆಸರಿಟ್ಟರು. ಮುರಿದ ಸ್ಟ್ಯಾಲಗ್ಮೈಟ್ ಎಂದರೆ ಅಂದದ ಕಲ್ಲೊಂದು ಹೋಯಿತು ಅನ್ನುವಷ್ಟೇ ಅಲ್ಲ. ಮಳೆಯ ದಫ್ತರದಿಂದ ಹಾಳೆ ಹರಿದಂತೆ.

ನೀವು ಒಳಗೆ ತರುವ ಸಾಮಾನು

ಬ್ಯಾಗು ಹೊರಗಿಟ್ಟರೂ ಪ್ರತಿಯೊಬ್ಬರೂ ಒಳಗೆ ಐದಾರು ವಸ್ತು ತಂದೇ ತರುತ್ತಾರೆ: ಬೆರಳ ತುದಿಯ ಎಣ್ಣೆಜಿಡ್ಡು, ಬಟ್ಟೆಯ ಜುಂಗು, ಉದುರುವ ಚರ್ಮ ಮತ್ತು ಕೂದಲು, ಮೈಯ ಬಿಸಿ, ಉಸಿರು. ಜೊತೆಗೆ ನಮಗಾಗಿ ಹಾಕಿದ ದೀಪ.

ಬೆರಳಿನದು ಸುಲಭ. ಚರ್ಮದ ಜಿಡ್ಡು ಕ್ಯಾಲ್ಸೈಟಿನ ಮೇಲೆ ಕೂತರೆ ನೀರಿನ ತೆಳು ಪೊರೆ ಅಲ್ಲಿ ಸರಿಯಾಗಿ ಹರಡುವುದಿಲ್ಲ, ಹೊಸ ಪದರ ಕೂರಲು ತೊಡಕಾಗುತ್ತದೆ, ಕೊಳೆ ಮಾತ್ರ ಚೆನ್ನಾಗಿ ಅಂಟುತ್ತದೆ. ಹಳೆಯ ಪ್ರವಾಸಿ ಗುಹೆಗಳಲ್ಲಿ ಕೈಗೆಟುಕುವ ಎತ್ತರದವರೆಗೆ ಕಲ್ಲು ಕರ್ರಗೆ ನುಣ್ಣಗಾಗಿ, ಅದರ ಮೇಲೆ ಬೆಳ್ಳಗೆ ಉಳಿದಿರುವುದನ್ನು ನೋಡಬಹುದು. ಒಬ್ಬರು ಮುಟ್ಟಿದ್ದರಿಂದ ಆದದ್ದಲ್ಲ ಅದು, 'ನಾನೊಬ್ಬ ಮುಟ್ಟಿದರೇನು' ಅಂದುಕೊಂಡ ಸಾವಿರಾರು ಜನರಿಂದ. ಬೆನ್ನಿನ ಬ್ಯಾಗಿನದು ಇನ್ನೊಂದು ಕಥೆ. ಬ್ಯಾಗು ಹಾಕಿಕೊಂಡವರಿಗೆ ತಮ್ಮ ಅಗಲ ಗೊತ್ತಿರುವುದಿಲ್ಲ. ತಿರುಗಿ ನೋಡುವಷ್ಟರಲ್ಲಿ ಹಿಂದಿನ ಸೋಡಾ ಸ್ಟ್ರಾ ಪುಡಿ.

ಜುಂಗು ಎಂದರೆ ನಗು ಬರಬಹುದು. ಗುಹೆಯ ಆಳದಲ್ಲಿ ಬೆಳಕಿಲ್ಲ, ಗಿಡವಿಲ್ಲ, ಆಹಾರ ತೀರಾ ಕಡಿಮೆ. ಅಲ್ಲಿನ ಜೀವಿಗಳು ಆ ಬಡತನಕ್ಕೆ ಒಗ್ಗಿದವು. ನಮ್ಮ ಹತ್ತಿಯ ನಾರು, ಚರ್ಮದ ಹೊಟ್ಟು ಅಲ್ಲಿ ಹಬ್ಬದೂಟ; ಅದನ್ನು ತಿನ್ನಲು ಹೊರಗಿನ ಬೂಷ್ಟು, ಹುಳ ಬಂದು ನೆಲೆಯಾಗುತ್ತವೆ. ಅಮೆರಿಕದ ನ್ಯೂ ಮೆಕ್ಸಿಕೋದ ಕಾರ್ಲ್ಸ್‌ಬ್ಯಾಡ್ ಗುಹೆಯಲ್ಲಿ 1980ರ ದಶಕದ ಕೊನೆಯಿಂದ ಸ್ವಯಂಸೇವಕರು ಕುಂಚ, ಚಿಮಟ ಹಿಡಿದು ಕಾಲುದಾರಿಯ ಬದಿಯ ಜುಂಗು ಆರಿಸುವ ಶಿಬಿರಗಳು ನಡೆದಿವೆ. ಅದೇ ಗುಹೆಯಲ್ಲಿ 2024ರಲ್ಲಿ ಯಾರೋ ದಾರಿಯಾಚೆ ಬೀಳಿಸಿಹೋದ ಚೀಟೋಸ್ ಪೊಟ್ಟಣದ ಸುದ್ದಿ ದೊಡ್ಡದಾಯಿತು. ಗುಹೆಯ ತೇವಕ್ಕೆ ಜೋಳದ ತಿಂಡಿ ಮೆತ್ತಗಾಗಿ ಬೂಷ್ಟು ಹಿಡಿದು, ಅದನ್ನು ಹುಡುಕಿಕೊಂಡು ಗುಹೆಯ ಮಿಡತೆ, ಜೇಡ, ನೊಣಗಳೆಲ್ಲ ಬಂದವು. ಸಿಬ್ಬಂದಿ ಇಪ್ಪತ್ತು ನಿಮಿಷ ಕೂತು ಕಲ್ಲಿನಿಂದ ಅದನ್ನು ಬಿಡಿಸಿದರು. ಆ ಗುಹೆಯೊಳಗೆ ಬರೀ ನೀರು ಮಾತ್ರ ಕುಡಿಯಬಹುದು ಎಂಬ ನಿಯಮ ಸುಮ್ಮನೆ ಇಟ್ಟದ್ದಲ್ಲ.

ಇನ್ನು ಉಸಿರು. ನಾವು ಬಿಡುವ ಗಾಳಿಯಲ್ಲಿ ಸುಮಾರು ಶೇಕಡಾ 4ರಷ್ಟು ಇಂಗಾಲದ ಡೈಆಕ್ಸೈಡ್ ಇರುತ್ತದೆ. ಹೊರಗಿನ ಗಾಳಿಯ ನೂರು ಪಟ್ಟು. ಇಕ್ಕಟ್ಟಿನ ಕೋಣೆಯೊಂದರಲ್ಲಿ ದಿನವಿಡೀ ಗುಂಪು ಗುಂಪಾಗಿ ಉಸಿರಾಡಿದರೆ ಅಲ್ಲಿನ ಗಾಳಿ ಮಣ್ಣಿನ ಗಾಳಿಯಂತಾಗತೊಡಗುತ್ತದೆ. ಆಗ ಹನಿಯಿಂದ ಅನಿಲ ಸಲೀಸಾಗಿ ಹೊರಡುವುದಿಲ್ಲ, ಕ್ಯಾಲ್ಸೈಟ್ ಕೂರುವುದು ನಿಧಾನವಾಗುತ್ತದೆ. ಅಷ್ಟೇ ಆಗಿದ್ದರೆ ಹೇಗೋ ಇರಲಿ ಅನ್ನಬಹುದಿತ್ತು. ಉಸಿರಿನ ಹಬೆ ತಣ್ಣನೆಯ ಕಲ್ಲಿನ ಮೇಲೆ ಬೆವರಿನಂತೆ ಕೂರುತ್ತದೆ. ಆ ನೀರಿನಲ್ಲಿ ಆಮ್ಲವುಂಟು, ಸುಣ್ಣವಿಲ್ಲ. ಅಂದರೆ ಹಸಿದ ನೀರು. ಅದು ಕೂತಲ್ಲೇ ಕಲ್ಲನ್ನು ತಿನ್ನುತ್ತದೆ. ಕಟ್ಟಲು ಸಾವಿರಾರು ವರ್ಷ ಹಿಡಿದ ರಸಾಯನವೇ ಹಿಂದುಮುಂದಾಗಿ ಕೆಡವಲು ನಿಲ್ಲುತ್ತದೆ.

ಇದರ ಅತಿ ದುಬಾರಿ ಪಾಠ ಕಲಿತದ್ದು ಫ್ರಾನ್ಸಿನ ಲಾಸ್ಕೋದಲ್ಲಿ. ಹದಿನೇಳು ಸಾವಿರ ವರ್ಷಗಳಷ್ಟು ಹಳೆಯ ಚಿತ್ರಗಳಿದ್ದ ಆ ಗುಹೆ ಪತ್ತೆಯಾದದ್ದು 1940ರಲ್ಲಿ, ಸಾರ್ವಜನಿಕರಿಗೆ ತೆರೆದದ್ದು 1948ರಲ್ಲಿ. ದಿನಕ್ಕೆ ಸಾವಿರಕ್ಕೂ ಮಿಕ್ಕಿ ಜನ ಬರತೊಡಗಿದರು. ಹದಿನೈದು ವರ್ಷ ತುಂಬುವಷ್ಟರಲ್ಲಿ ಗೋಡೆಗಳ ಮೇಲೆ ದೀಪದ ಬೆಳಕಿಗೆ ಪಾಚಿ ಬೆಳೆಯಿತು, ಅದನ್ನು 'ಹಸಿರು ಕಾಯಿಲೆ' ಎಂದರು. ಉಸಿರು ಮತ್ತು ತೇವದಿಂದ ಚಿತ್ರಗಳ ಮೇಲೆ ಕ್ಯಾಲ್ಸೈಟ್ ಹರಳು ಕಟ್ಟಿತು, ಅದು 'ಬಿಳಿ ಕಾಯಿಲೆ'. 1963ರಲ್ಲಿ ಬಾಗಿಲು ಹಾಕಿದವರು ಮತ್ತೆ ತೆರೆಯಲಿಲ್ಲ. 1983ರಿಂದ ಜನ ನೋಡುತ್ತಿರುವುದು ಪಕ್ಕದಲ್ಲಿ ಕಟ್ಟಿದ ಪ್ರತಿಕೃತಿಯನ್ನು.

ದೀಪದ ವಿಷಯವೂ ಇಲ್ಲೇ ಬಂತು. ಗುಂಪು ಮುಂದೆ ಸಾಗಿದ ಕೂಡಲೇ ಗೈಡ್ ಹಿಂದಿನ ದೀಪ ಆರಿಸುವುದು ಕರೆಂಟು ಉಳಿಸಲಿಕ್ಕಲ್ಲ. ಬೆಳಕು ಎಷ್ಟು ಹೊತ್ತು ಬಿತ್ತೋ ಅಷ್ಟು ಪಾಚಿ. ದೀಪದ ಬುಡದ ಕಲ್ಲು ಹಸಿರಾಗಿದ್ದರೆ ಅದನ್ನು ಪ್ರಕೃತಿಯ ಸೊಬಗು ಎಂದು ಫೋಟೊ ತೆಗೆಯಬೇಡಿ, ಅದು ಗಾಯ.

ಹದಿನಾಲ್ಕು ವರ್ಷ ಮುಚ್ಚಿಟ್ಟ ಗುಟ್ಟು

ಇಷ್ಟೆಲ್ಲ ಗೊತ್ತಿದ್ದು ಮೊದಲಿನಿಂದಲೇ ಎಚ್ಚರ ವಹಿಸಿದರೆ ಗುಹೆ ಹೇಗಿರುತ್ತದೆ? ಅಮೆರಿಕದ ಅರಿಝೋನಾದ ಕಾರ್ಚ್ನರ್ ಗುಹೆ ಅದಕ್ಕೊಂದು ಉತ್ತರ. 1974ರಲ್ಲಿ ಗ್ಯಾರಿ ಟೆನೆನ್ ಮತ್ತು ರ‍್ಯಾಂಡಿ ಟಫ್ಟ್ಸ್ ಎಂಬಿಬ್ಬರು ಯುವಕರು ಬೆಟ್ಟದ ಬುಡದ ಕುಸಿದ ಗುಂಡಿಯೊಂದರ ಬಿರುಕಿನಿಂದ ಬಾವಲಿಯ ವಾಸನೆಯ ಬೆಚ್ಚನೆ ತೇವದ ಗಾಳಿ ಬರುವುದನ್ನು ಗಮನಿಸಿ ಒಳಗೆ ತೆವಳಿದರು. ಕಂಡದ್ದನ್ನು ಊರಿಗೆಲ್ಲ ಸಾರಲಿಲ್ಲ. ಜಾಗದ ಒಡೆಯರಿಗೂ ಹೇಳಿದ್ದು 1978ರಲ್ಲಿ. 1988ರಲ್ಲಿ ರಾಜ್ಯ ಸರ್ಕಾರ ಜಾಗ ಕೊಳ್ಳಲು ಮುಂದಾಗುವವರೆಗೆ ಗುಟ್ಟು ಗುಟ್ಟಾಗಿಯೇ ಉಳಿಯಿತು. ಆಮೇಲೂ ತೆರೆಯಲು ಅವಸರ ಮಾಡಲಿಲ್ಲ. ಜನ ಒಳಗೆ ಕಾಲಿಟ್ಟದ್ದು 1999ರಲ್ಲಿ.

ಹೊರಗೆ ಮರುಭೂಮಿ, ಒಳಗೆ ಶೇಕಡಾ 99ರಷ್ಟು ತೇವ. ಬಾಗಿಲು ಸುಮ್ಮನೆ ತೆರೆದಿಟ್ಟರೆ ಗುಹೆ ಒಣಗಿ, ಹನಿ ನಿಂತು, ಬೆಳವಣಿಗೆ ಮುಗಿಯುತ್ತದೆ. ಆದ್ದರಿಂದ ಸಾಲಾಗಿ ಉಕ್ಕಿನ ಬಾಗಿಲುಗಳು. ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯುತ್ತದೆ. ಜುಂಗು ಹಾರದಂತೆ ಒಳಹೋಗುವವರ ಮೈಮೇಲೆ ತೆಳುವಾಗಿ ನೀರಿನ ತುಂತುರು ಬೀಳುತ್ತದೆ. ಯಾರಾದರೂ ಗೋಡೆ ಮುಟ್ಟಿದರೆ ಗೈಡ್ ಆ ಜಾಗಕ್ಕೆ ಗುರುತು ಹಾಕುತ್ತಾರೆ, ಆಮೇಲೆ ಸಿಬ್ಬಂದಿ ಬಂದು ತೊಳೆಯುತ್ತಾರೆ. ಗೊತ್ತಿಲ್ಲದೆ ಮೊಣಕೈ ತಾಗಿಸಿದವರಿಗೆ ಮುಜುಗರವಾಗುತ್ತದೆ, ನಿಜ. ಅದೇ ಗುಹೆಯಲ್ಲಿ 6.45 ಮೀಟರ್ ಉದ್ದದ, ಜಗತ್ತಿನ ಅತಿ ಉದ್ದದ್ದರಲ್ಲಿ ಒಂದಾದ ಸೋಡಾ ಸ್ಟ್ರಾ ಇನ್ನೂ ತೂಗುತ್ತಿದೆ. ಬೆರಳಗಲವೂ ಇಲ್ಲದ ಟೊಳ್ಳು ಕೊಳವೆ, ಎರಡು ಮಹಡಿಯ ಎತ್ತರ.

ಅಲ್ಲಿನ ದೊಡ್ಡ ಕೋಣೆ ಏಪ್ರಿಲ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಬಂದ್. ಅದು ಬಾವಲಿಗಳ ಬಾಣಂತನದ ಕಾಲ. ನೀವು ಹೋಗಬಯಸುವ ಗುಹೆಯಲ್ಲೂ ಇಂಥ ಋತುವಿನ ಬಂದ್ ಇದೆಯೇ ಎಂದು ಟಿಕೆಟ್ ತೆಗೆಯುವ ಮೊದಲೇ ನೋಡಿಕೊಳ್ಳಿ. ಶೂ ಬದಲಿಸುವ ನಿಯಮವೂ ಬಾವಲಿಗಾಗಿಯೇ. 2006ರಲ್ಲಿ ನ್ಯೂಯಾರ್ಕ್ ರಾಜ್ಯದ ಗುಹೆಯೊಂದರಲ್ಲಿ ಮೊದಲು ಕಂಡ 'ಬಿಳಿ ಮೂಗಿನ ರೋಗ' ಉತ್ತರ ಅಮೆರಿಕದಲ್ಲಿ ಲಕ್ಷಾಂತರ ಬಾವಲಿಗಳನ್ನು ಕೊಂದಿದೆ. ಚಳಿನಿದ್ದೆಯಲ್ಲಿರುವ ಬಾವಲಿಯ ಮೂಗು, ರೆಕ್ಕೆಗಳ ಮೇಲೆ ಬೆಳೆಯುವ ಶಿಲೀಂಧ್ರವದು. ಅದರ ಬೀಜಕಣ ಮನುಷ್ಯರಿಗೇನೂ ಮಾಡದು, ಆದರೆ ಶೂ ಬಟ್ಟೆಗಳಿಗೆ ಅಂಟಿ ಒಂದು ಗುಹೆಯಿಂದ ಇನ್ನೊಂದಕ್ಕೆ ಆರಾಮಾಗಿ ಪ್ರಯಾಣಿಸಬಲ್ಲದು.

ಉಡುಪಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಆಳದ ಗುಹೆಯ ಉಷ್ಣತೆ ಸಾಮಾನ್ಯವಾಗಿ ಮೇಲಿನ ನೆಲದ ಇಡೀ ವರ್ಷದ ಸರಾಸರಿಗೆ ಹತ್ತಿರವಿರುತ್ತದೆ, ಹಗಲು ರಾತ್ರಿ ಹೆಚ್ಚು ಬದಲಾಗದು. ಜಾರದ ಶೂ, ಒಂದು ತೆಳು ಸ್ವೆಟರ್ ಸಾಕು.

ಮೂಳೆ ಯಾವುದು, ಕಲ್ಲು ಯಾವುದು

ಗುಹೆಯಲ್ಲಿ ಪಳೆಯುಳಿಕೆ ಇದೆ ಎಂದಾಗ ಎರಡು ಬೇರೆ ಬೇರೆ ಸಂಗತಿಗಳು ಕಲಸಿಹೋಗುತ್ತವೆ. ಮೊದಲನೆಯದು ಗೋಡೆಯೊಳಗಿನದು. ಸುಣ್ಣಕಲ್ಲು ಬಹುಪಾಲು ಹಳೆಯ ಸಮುದ್ರಗಳ ತಳದಲ್ಲಿ ಚಿಪ್ಪು, ಹವಳಗಳ ಚೂರು ಕೂಡಿ ಆದದ್ದು. ಕಾರ್ಚ್ನರ್ ಗುಹೆಯ ಬಂಡೆ ಸುಮಾರು 33 ಕೋಟಿ ವರ್ಷ ಹಳೆಯದು. ಇಂಥ ಬಂಡೆಗಳ ಗೋಡೆಯನ್ನು ಓರೆ ಬೆಳಕಿನಲ್ಲಿ ನೋಡಿದರೆ ಅಂಗಿಯ ಗುಂಡಿಯಂಥ ಸಣ್ಣ ಬಿಲ್ಲೆಗಳು ಕಾಣಸಿಗಬಹುದು. ಅವು ಸಮುದ್ರ ಲಿಲ್ಲಿ ಎಂಬ ಪ್ರಾಣಿಯ ದಂಟಿನ ತುಂಡುಗಳು. ಅಂದರೆ ಹನಿ ಹೊತ್ತು ತಂದ ಸುಣ್ಣವೂ ಒಂದು ಕಾಲಕ್ಕೆ ಯಾವುದೋ ಜೀವಿಯ ಚಿಪ್ಪಾಗಿತ್ತು. ಸ್ಟ್ಯಾಲಕ್ಟೈಟ್ ಎಂದರೆ ಎರಡನೇ ಸಲ ಕಟ್ಟಿದ ಚಿಪ್ಪು.

ಎರಡನೆಯದು ನೆಲದಲ್ಲಿರುವುದು. ಬಂಡೆ ಆಗಿ, ಅದು ಕರಗಿ ಟೊಳ್ಳಾಗಿ, ಚಾವಣಿಯಲ್ಲೆಲ್ಲೋ ತೂತು ಬಿದ್ದ ಮೇಲೆ ಒಳಗೆ ಬಂದ ಪ್ರಾಣಿಗಳ ಮೂಳೆ. ಕಾರ್ಚ್ನರ್‌ನಲ್ಲಿ ಸಿಕ್ಕ ನೆಲದ ಸ್ಲಾತ್ ಎಂಬ, ಈಗ ಅಳಿದುಹೋದ ದೊಡ್ಡ ಪ್ರಾಣಿಯ ಮೂಳೆಗೆ ಸುಮಾರು 86,000 ವರ್ಷ. ಒಂದೇ ಗೋಡೆಯ ಬುಡದಲ್ಲಿ ನಿಂತು ನೀವು ನೋಡುವ ಎರಡು ಪಳೆಯುಳಿಕೆಗಳ ನಡುವೆ ಕೋಟ್ಯಂತರ ವರ್ಷಗಳ ಅಂತರ ಇರಬಹುದು. ಗೈಡ್ ವಯಸ್ಸು ಹೇಳಿದಾಗ, ಅದು ಬಂಡೆಯದೋ ಟೊಳ್ಳಿನದೋ ಅಲಂಕಾರದ್ದೋ ಮೂಳೆಯದೋ ಎಂದು ಕೇಳಿಬಿಡಿ.

ದಕ್ಷಿಣ ಆಸ್ಟ್ರೇಲಿಯಾದ ನ್ಯಾರಕೂರ್ಟ್‌ನಲ್ಲಿ 1969ರಲ್ಲಿ ಗುಹಾಶೋಧಕರು ಇಕ್ಕಟ್ಟಿನ ಸಂದಿಯಲ್ಲಿ ತೆವಳಿ ಹೋದಾಗ ನೆಲವೇ ಮೂಳೆಗಳಿಂದ ತುಂಬಿದ ಕೋಣೆ ಸಿಕ್ಕಿತು. ಈಗ ಅದು ವಿಶ್ವ ಪರಂಪರೆಯ ತಾಣ, 1994ರಿಂದ. ಅಲ್ಲಿನ ಗುಹೆಗಳ ಬಾಯಿಗಳು ಸುಮಾರು 5 ಲಕ್ಷ ವರ್ಷಗಳ ಅವಧಿಯಲ್ಲಿ ಖೆಡ್ಡಾದಂತೆ ಕೆಲಸ ಮಾಡಿದ್ದವು. ಓಡುತ್ತ ಬಂದ ಕಾಂಗರೂ ಬಿದ್ದಿತು, ಕಾಂಗರೂವಿನಂತೆ ಹೊಟ್ಟೆಚೀಲವಿದ್ದ, ಈಗ ಅಳಿದುಹೋದ ಬೇಟೆಪ್ರಾಣಿ ಮಾರ್ಸೂಪಿಯಲ್ ಸಿಂಹವೂ ಬಿದ್ದಿತು. ಮೇಲೆ ಹತ್ತಲು ದಾರಿಯಿಲ್ಲ. ಸಣ್ಣ ಇಲಿ, ಹಲ್ಲಿಗಳ ಮೂಳೆ ತಂದದ್ದು ಗೂಬೆಗಳು. ತಿಂದು, ಅರಗದ್ದನ್ನು ಉಂಡೆಯಾಗಿ ಕಕ್ಕಿದವು. ಮೇಲಿನಿಂದ ಸುರಿದ ಮಣ್ಣು ಅವನ್ನೆಲ್ಲ ಪದರ ಪದರವಾಗಿ ಮುಚ್ಚಿತು. ಬಿಸಿಲಿಲ್ಲ, ಚಳಿ ಬಿಸಿಯ ಏರಿಳಿತವಿಲ್ಲ, ಸುಣ್ಣದ ನೀರು ಮೂಳೆಯನ್ನು ಕರಗಿಸುವುದಿಲ್ಲ. ಮೂಳೆ ಉಳಿಯಲು ಇದಕ್ಕಿಂತ ಒಳ್ಳೆಯ ಕಪಾಟು ಬೇಕೆ?

ಆ ಕಪಾಟಿನಲ್ಲಿ ಮೂಳೆಯಷ್ಟೇ ಮುಖ್ಯವಾದದ್ದು ಅದಿದ್ದ ಜಾಗ. ಯಾವ ಪದರದಲ್ಲಿ, ಯಾವುದರ ಪಕ್ಕ, ಮೇಲೆ ಕ್ಯಾಲ್ಸೈಟ್ ಹೊದಿಕೆ ಇತ್ತೇ. ಮೂಳೆಯ ಮೇಲೆ ಕೂತ ಹೊದಿಕೆಗೆ ಲಕ್ಷ ವರ್ಷವಾಗಿದ್ದರೆ ಮೂಳೆಗೆ ಅದಕ್ಕಿಂತ ಕಡಿಮೆ ವಯಸ್ಸು ಇರಲಾರದು. ಹನಿಯ ಗಡಿಯಾರ ಮೂಳೆಗೂ ಸಮಯ ಹೇಳುತ್ತದೆ. ಯಾರೋ ಅದನ್ನು ಎತ್ತಿ 'ಇದೇನು ನೋಡಿ' ಎಂದು ಗೈಡ್ ಕೈಗೆ ಕೊಟ್ಟರೆ, ಕೊಡುವ ಹೊತ್ತಿಗೆ ಇದೆಲ್ಲ ಅಳಿಸಿಹೋಗಿರುತ್ತದೆ. ಮೂಳೆ ಕಂಡರೆ ನಿಂತಲ್ಲಿಂದಲೇ ಬೆರಳು ತೋರಿಸಿ.

ಜಾಗ ತಪ್ಪಿದ ಮೂಳೆಗೆ ಮತ್ತೆ ಜಾಗ ಹುಡುಕಿಕೊಟ್ಟ ಅಪರೂಪದ ಪ್ರಸಂಗವೊಂದು ದಕ್ಷಿಣ ಆಫ್ರಿಕದ ಸ್ಟರ್ಕ್‌ಫಾಂಟೇನ್‌ನಲ್ಲಿ ನಡೆಯಿತು. ಆ ಗುಹೆಗಳಲ್ಲಿ ಹಿಂದೆ ಸುಣ್ಣಕ್ಕಾಗಿ ಗಣಿಗಾರಿಕೆ ನಡೆದಿತ್ತು. ಸ್ಟ್ಯಾಲಕ್ಟೈಟ್‌ಗಳನ್ನೇ ಸಿಡಿಸಿ ಒಯ್ದಿದ್ದರು. 1994ರಲ್ಲಿ ರಾನ್ ಕ್ಲಾರ್ಕ್ ಎಂಬ ವಿಜ್ಞಾನಿ ಪ್ರಾಣಿಗಳ ಮೂಳೆ ಎಂದು ತೆಗೆದಿಟ್ಟಿದ್ದ ಪೆಟ್ಟಿಗೆಗಳನ್ನು ಮತ್ತೆ ಶೋಧಿಸುತ್ತಿದ್ದಾಗ, ಮನುಷ್ಯನ ಪೂರ್ವಜರ ಪಾದದ ನಾಲ್ಕು ಸಣ್ಣ ಮೂಳೆಗಳು ಸಿಕ್ಕವು. 1997ರಲ್ಲಿ ಅದೇ ಜೀವಿಯ ಕಣಕಾಲ ಮೂಳೆಯ ತುಂಡೂ ಸಿಕ್ಕಿತು, ಸಿಡಿತದಲ್ಲಿ ಅಡ್ಡಕ್ಕೆ ಮುರಿದದ್ದು. ಹಾಗಾದರೆ ಉಳಿದರ್ಧ ಇನ್ನೂ ಗೋಡೆಯಲ್ಲಿರಬೇಕಲ್ಲ? ಕ್ಲಾರ್ಕ್ ಆ ತುಂಡಿನ ಅಚ್ಚು ತೆಗೆದು ಸ್ಟೀಫನ್ ಮೊತ್ಸುಮಿ ಮತ್ತು ಎನ್‌ಕ್ವಾನೆ ಮೊಲೆಫೆ ಎಂಬ ಸಹಾಯಕರ ಕೈಗಿಟ್ಟು, ಇದು ಕೂರುವ ಜಾಗ ಹುಡುಕಿ ಎಂದರು. ದೊಡ್ಡದೊಂದು ಕತ್ತಲ ಕೋಣೆ, ಕೈಯಲ್ಲಿ ದೀಪ. ಎರಡೇ ದಿನದಲ್ಲಿ ಬಂಡೆಯ ಮೈಯಲ್ಲಿ ಬಿಲ್ಲೆಯಂತೆ ಕಂಡ ಮೂಳೆಯ ಅಡ್ಡಕೊಯ್ತಕ್ಕೆ ಅಚ್ಚು ಕರಾರುವಾಕ್ಕಾಗಿ ಕೂತಿತು. ಅದರ ಹಿಂದೆ, ಕಾಂಕ್ರೀಟಿನಷ್ಟು ಗಟ್ಟಿಯಾದ ಬಂಡೆಯಲ್ಲಿ, ಇಪ್ಪತ್ತು ಲಕ್ಷ ವರ್ಷಕ್ಕೂ ಹಿಂದಿನ ಆ ಜೀವಿಯ ಎಲುಬುಗೂಡು ಬಹುಪಾಲು ಇಡಿಯಾಗಿ ಮಲಗಿತ್ತು. ಅದಕ್ಕೆ 'ಲಿಟಲ್ ಫುಟ್' ಎಂದು ಹೆಸರು. ಬಂಡೆಯಿಂದ ಬಿಡಿಸಿ, ಜೋಡಿಸಿ, ಜನರ ಮುಂದಿಟ್ಟದ್ದು 2017ರಲ್ಲಿ.